ಅರವತ್ತೊಂದು ಡಬ್ಬಿಗೆ ಒಂದು ನಿಧಿ

ಕೃಷಿ ಸಂಶೋಧನೆ ಮಾಡೋರಿಗೆ ದುಡ್ಡು ಕೊಡೋಕೆ ನಮ್ಮ ಸರ್ಕಾರದಲ್ಲಿ ನಾಲ್ಕು ನಿಧಿಗಳಿವೆ. ಹೊಸದನ್ನು ಕಂಡುಹಿಡಿಯೋರಿಗೆ ಒಂದು, ಕಂಡುಹಿಡಿದದ್ದನ್ನು ಊರಿಗೆಲ್ಲ ಹಂಚೋರಿಗೆ ಒಂದು, ಎರಡೂ ಮಾಡದೆ ಕಂಪ್ಯೂಟರಿನಲ್ಲಿ ತೋರಿಸೋರಿಗೆ ಒಂದು, ಕಳೆದುಹೋದದ್ದನ್ನು ಹುಡುಕೋರಿಗೆ ಒಂದು. ಇರೋದನ್ನು ಕಾಪಾಡಿಕೊಂಡು ತಣ್ಣಗಿರೋ ಬಡಪಾಯಿಗೆ ಮಾತ್ರ ಯಾವುದೂ ಇಲ್ಲ. ಆ ಬಡಪಾಯಿ ನಮ್ಮ ಭಾವ.

ಭಾವ ಅಂದ್ರೆ ನನ್ನ ಅಕ್ಕನ ಗಂಡ. ಸಂಶೋಧನಾ ಕೇಂದ್ರದಲ್ಲಿ ನಾನು ಅರ್ಜಿ ಬರೆಯೋಳು, ಅವರು ಅದೇ ಕಟ್ಟಡದ ಹಿಂದಿನ ಕೋಣೆಯಲ್ಲಿ ಬೀಜ ಕಾಯೋರು. ಅರವತ್ತೊಂದು ಡಬ್ಬಿ, ಅರವತ್ತೊಂದು ಥರದ ಅಲಸಂದೆ. ಕರಿ, ಕೆಂಪು, ಚುಕ್ಕೆಯದು, ಹೆಸರುಕಾಳಿನಷ್ಟು ಸಣ್ಣದು. ಬೇರೆ ಯಾರ ಹತ್ತಿರವೂ ಇಲ್ಲ. ಬೀಜ ಡಬ್ಬಿಯಲ್ಲಿ ಕೂತೇ ಬದುಕಲ್ಲ. ಮೂರು ವರ್ಷಕ್ಕೊಮ್ಮೆ ಬಿತ್ತಿ, ಹೊಸ ಕಾಳು ತೆಗೆದು ಮತ್ತೆ ತುಂಬಬೇಕು. ಇಪ್ಪತ್ತೆರಡು ವರ್ಷ ಭಾವ ಅದನ್ನೇ ಮಾಡಿದ್ರು. ಆಮೇಲೆ ಆಳು ಇಡೋಕೆ ದುಡ್ಡಿಲ್ಲ ಅಂತ ಹೊಲ ಪಾಳು ಬಿತ್ತು. ಕೊನೆಯ ಸಲ ಬಿತ್ತಿ ನಾಲ್ಕು ವರ್ಷವಾದಾಗ ಡಬ್ಬಿಗೆ ಹತ್ತರಂತೆ ಕಾಳು ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದ್ರೆ, ಹತ್ತರಲ್ಲಿ ಮೊಳೆತದ್ದು ನಾಲ್ಕೋ ಐದೋ. ಒಂದು ಬಟ್ಟೆ ತಂದು ನನ್ನ ಮೇಜಿನ ಮೇಲೆ ಬಿಚ್ಚಿ, "ಈ ಸಲ ಬಿತ್ತದಿದ್ರೆ ಮುಗೀತು ಕಣಮ್ಮ" ಅಂದ್ರು.

ಸರಿ, ಹೊಸದರ ನಿಧಿಗೆ ಬರೆದೆ. "ಇದರಲ್ಲಿ ಹೊಸದೇನಿದೆ?" ಅಂತ ವಾಪಸ್ ಬಂತು. ಕಂಪ್ಯೂಟರಿನ ನಿಧಿಗೆ ಬರೆದೆ. ಬಿತ್ತೋ ಬದಲು ಕಾಳಿನ ಫೋಟೋ ಇಟ್ಟುಕೊಂಡ್ರೆ ಸಾಲದಾ ಅಂತ ಕೇಳಿದ್ರು. ಆಹಾ, ಏನು ತಲೆ! ನಾಳೆಯಿಂದ ನೀವೂ ಊಟದ ಫೋಟೋ ನೋಡಿ ಕೈ ತೊಳೀರಿ ಅಂತ ಬರೆಯೋಕೆ ಬೆರಳು ತುರಿಸಿತು. ಸಂಬಳ ನೆನಪಾಗಿ ಸುಮ್ಮನಾದೆ.

ಆಗ ಬಾಯಿ ಹಾಕಿದೋರು ನಮ್ಮ ನಿರ್ದೇಶಕರು. ಹೊಲಕ್ಕೆ ಕಾಲಿಡದೆ ಒಂಬತ್ತು ಯೋಜನೆ ಮುಗಿಸಿದ ಪುಣ್ಯಾತ್ಮ.

"ಕಳೆದುಹೋದ ತಳಿಗಳ ನಿಧಿಗೆ ಹಾಕ್ರೀ! ಇರೋದರಲ್ಲೇ ದೊಡ್ಡದು, ಕೇಳೋರೇ ಇಲ್ಲ."

"ಸಾರ್, ಇವು ಕಳೆದುಹೋಗಿಲ್ಲ. ಹಿಂದಿನ ಕೋಣೆಯಲ್ಲಿವೆ."

"ಕಳೆದುಹೋಗಿವೆ ಅಂತ ತಜ್ಞರೊಬ್ಬರು ಬರೆದುಕೊಟ್ರೆ ಆಯ್ತು."

ಅಲಸಂದೆಗೆ ತಜ್ಞ ಅಂತ ಇದ್ದದ್ದು ಭಾವ ಒಬ್ಬರೇ.

"ಬದುಕಿರೋದಕ್ಕೆ ನಾನು ಮರಣ ಪ್ರಮಾಣಪತ್ರ ಬರೀಲಾ?" ಅಂತ ಭಾವ ಕೆರಳಿದ್ರು. ಎರಡು ದಿನ ಪೆನ್ನು ಮುಟ್ಟಲಿಲ್ಲ. ಮೂರನೇ ದಿನ ಅವರ ಮನೆಗೇ ಹೋಗಿ ತಲೆ ತಿಂದವಳು ನಾನೇ. "ಭಾವ, ಕಾಗದದ ಮೇಲೆ ಸತ್ತರೆ ಯಾರೂ ಸಾಯಲ್ಲ. ದುಡ್ಡು ಬರಲಿ, ಬಿತ್ತೋಣ. ಆಮೇಲೆ ಸಿಕ್ತು ಅಂದ್ರಾಯ್ತು." ಅಕ್ಕ ಅಡುಗೆಮನೆಯಿಂದಲೇ, "ಅವಳು ಓದಿದೋಳು ರೀ, ಹೇಳಿದ ಹಾಗೆ ಮಾಡಿ" ಅಂದಳು. ಭಾವ ಸಹಿ ಹಾಕಿದ್ರು.

ದುಡ್ಡು ಬಂತು ನೋಡಿ! ಜೊತೆಗೆ ಹನ್ನೊಂದು ಪುಟದ ಷರತ್ತೂ ಬಂತು. ದುಡ್ಡನ್ನು ಹುಡುಕಾಟಕ್ಕೆ ಮಾತ್ರ ಖರ್ಚು ಮಾಡಬೇಕು. ಬಿತ್ತೋದೇನಿದ್ರೂ ಸಿಕ್ಕಿದ ಮೇಲೆ.

"ಹಾಗಾದ್ರೆ ನಾಳೆನೇ ಸಿಕ್ತು ಅಂತ ಬರೀತೀನಿ ಸಾರ್" ಅಂದೆ.

"ತಲೆ ಕೆಟ್ಟಿದೆಯಾ ನಿಮಗೆ? ಮೂರು ವರ್ಷದ ಯೋಜನೆ. ಮೊದಲನೇ ವಾರವೇ ಸಿಕ್ಕಿಬಿಟ್ರೆ ಉಳಿದ ಕಂತು ನಿಮ್ಮಪ್ಪ ಕೊಡ್ತಾರಾ? ಮೂರನೇ ವರ್ಷದ ಕೊನೆಗೆ ಸಿಗಲಿ."

ತಪಾಸಣೆಗೆ ಬಂದೋರ ಕಣ್ಣಿಗೆ ಡಬ್ಬಿ ಬೀಳಬಾರದಲ್ಲ, ನಿರ್ದೇಶಕರು ಬೀಜದ ಕೋಣೆಗೆ ಬೀಗ ಜಡಿದು ಕೀಲಿಯನ್ನು ತಮ್ಮ ಜೇಬಿಗೆ ಇಳಿಸಿದ್ರು. ಭಾವ ಕೂಗಾಡಿದ್ದಕ್ಕೆ, "ಸುಳ್ಳು ಪತ್ರದ ಮೇಲೆ ಸಹಿ ಯಾರದ್ದು ಸ್ವಾಮಿ?" ಅಂತ ಹಲ್ಲು ಕಿರಿದ್ರು.

ಹುಡುಕಾಟ ಶುರುವಾಯ್ತು. ಹೊಸ ಜೀಪು, ನಾಲ್ಕು ಜೊತೆ ಬೂಟು, ಒಂದು ದುರ್ಬೀನು. ಅಲಸಂದೆ ಏನು ಹಕ್ಕಿಯಾ, ದುರ್ಬೀನಲ್ಲಿ ನೋಡೋಕೆ? ತಾವೇ ಡಬ್ಬಿಗೆ ತುಂಬಿಟ್ಟದ್ದನ್ನು ಹುಡುಕಿಕೊಂಡು ಭಾವ ಊರೂರು ಅಲೆದ್ರು. ತಿಂಗಳಿಗೊಂದು ಸಲ "ಸಿಗಲಿಲ್ಲ" ಅಂತ ಬರೆದುಕೊಡ್ತಿದ್ರು, "ಪ್ರಗತಿ ತೃಪ್ತಿಕರ" ಅಂತ ಮೇಲಿನಿಂದ ಉತ್ತರ ಬರ್ತಿತ್ತು. ಆ ಮೂರು ವರ್ಷ ಅವರು ನನ್ನ ಮೇಜಿನ ಹತ್ತಿರ ಸುಳಿಯಲಿಲ್ಲ. ನಾನು ಮನೆಗೆ ಹೋದ್ರೆ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗಿಬಿಡ್ತಿದ್ರು. ತಪ್ಪು ನನ್ನದೇ.

ಸಿಗಬೇಕಾದ ದಿನ ಬಂತು, ಬೀಗ ತೆಗೆದ್ರು. ಭಾವ ಮತ್ತೆ ಡಬ್ಬಿಗೆ ಹತ್ತು ಕಾಳಿನಂತೆ ಒದ್ದೆ ಬಟ್ಟೆ ಕಟ್ಟಿಟ್ಟು ಆರು ದಿನ ಕಾದ್ರು. ಏಳನೇ ದಿನ ಒಂದೊಂದಾಗಿ ಬಿಚ್ಚಿ, ಬೆರಳಲ್ಲಿ ಕಾಳು ಹೊರಳಿಸಿ ನೋಡಿ, ಮಡಿಸಿಟ್ರು. ಬಿಚ್ಚಿದ್ದೆಲ್ಲಾ ಕೊಳೆತು ನಾರ್ತಿತ್ತು. ನಾನು ಪಕ್ಕದಲ್ಲಿ ನಿಂತು ಪಟ್ಟಿಯಲ್ಲಿ ಸೊನ್ನೆ ಹಾಕ್ತಾ ಹೋದೆ. ಐವತ್ತನಾಲ್ಕನೇ ಬಟ್ಟೆಯಲ್ಲಿ ಎರಡೇ ಎರಡು ಕಾಳು ಬಾಯಿ ಬಿಟ್ಟು ಬೆಳ್ಳಗೆ ಬೇರು ಚಾಚಿದ್ದವು. ಭಾವ ಬಾಗಿಲ ಕಡೆ ನೋಡಿದ್ರು. ಆಮೇಲೆ ನನ್ನ ಪೆನ್ನಿನ ಕಡೆ ನೋಡಿದ್ರು. ನಾನು ಅಲ್ಲೂ ಸೊನ್ನೆ ಹಾಕಿದೆ.

ಪಟ್ಟಿ ನೋಡಿ ನಿರ್ದೇಶಕರ ಮುಖ ಊರಗಲ ಆಯ್ತು. "ಅಂದ್ರೆ ಈಗ ನಿಜವಾಗಿಯೂ ಕಳೆದುಹೋದವು! ಎರಡನೇ ಹಂತಕ್ಕೆ ಧೈರ್ಯವಾಗಿ ಬರೀರಿ. ಈ ಸಲ ಒಂದಕ್ಷರ ಸುಳ್ಳಿರಲ್ಲ." ಕೈಗೆ ಸಿಕ್ಕಿದ್ದನ್ನು ಎತ್ತಿ ಆ ಮನುಷ್ಯನ ತಲೆಗೆ ಹಾಕಬೇಕು ಅನ್ನಿಸಿತು. ಹಾಕಲಿಲ್ಲ. ಬರೆದೆ. ಅದೂ ಮಂಜೂರಾಗಿದೆ.

ಅಕ್ಕನ ಮನೆ ಹಿತ್ತಲಲ್ಲಿ, ಒಡೆದ ಬಕೆಟಿನಲ್ಲಿ, ಎರಡು ಬಳ್ಳಿ ಹಬ್ಬಿವೆ. ಮೊನ್ನೆ ಹೋದಾಗ ಭಾವ ಅವಕ್ಕೆ ಕೋಲು ಕಟ್ಟುತ್ತಿದ್ರು. ಹೂ ಬಿಟ್ಟಿತ್ತು. ಸಂತೋಷ ತಡೀಲಾರದೆ, "ಭಾವ, ಕಾಯಿ ಒಣಗಿದ ಮೇಲೆ ನಂಗೂ ನಾಲ್ಕು ಕಾಳು ಕೊಡಿ" ಅಂದೆ.

ಮೂರು ವರ್ಷದ ಮೇಲೆ ಅವರು ನನ್ನ ಜೊತೆ ಆಡಿದ ಮೊದಲ ಮಾತು ಇದು:

"ನಿನಗೆ ಬೇಡಮ್ಮ. ನಿನ್ನ ಕೈಗೆ ಕೊಟ್ರೆ ಯಾವುದಾದ್ರೂ ನಿಧಿಗೆ ಹೊಂದಿಸಿಬಿಡ್ತೀಯ."