ಪೀಪಿ ಮೇಷ್ಟ್ರ ಗೇಟು

"ಇನ್ನೊಂಚೂರು ಎಣ್ಣೆ ಹಾಕಿ ಮೇಷ್ಟ್ರೇ. ಚಿಲಕ ಒಂದೇ ಕೈಗೆ ಬೀಳೋ ಹಾಗಿರಬೇಕು."

ತಲೆಯೆತ್ತಿ ನೋಡಿದರೆ ಅಧ್ಯಕ್ಷರು. ಶುಕ್ರವಾರ ಸಂಜೆ, ಮಕ್ಕಳೆಲ್ಲ ಹೋಗಿ ಶಾಲೆಯ ಅಂಗಳ ಬಿಕೋ ಎನ್ನುತ್ತಿತ್ತು. ಶಾಲೆಯ ಯಜಮಾನರಾದ ಈ ಮನುಷ್ಯ ವರ್ಷಕ್ಕೊಮ್ಮೆ ಆಟೋಟದ ದಿನ ಬಹುಮಾನ ಹಂಚುವುದಕ್ಕೆ ಬಿಟ್ಟರೆ ಮಹಡಿಯ ಕೋಣೆಯಿಂದ ಕೆಳಗೆ ಇಳಿದವರಲ್ಲ. ಅಂಥವರು ಗೇಟಿನ ತನಕ ನಡೆದು ಬಂದು, ಕೈ ಹಿಂದೆ ಕಟ್ಟಿಕೊಂಡು, ಡ್ರಿಲ್ ಮೇಷ್ಟ್ರು ಚಿಲಕಕ್ಕೆ ಎಣ್ಣೆ ಬಿಡುವುದನ್ನು ನೋಡುತ್ತ ನಿಂತರೆ ಯಾರ ಎದೆ ತಾನೇ ಧಸಕ್ಕೆನ್ನುವುದಿಲ್ಲ? ಮೇಷ್ಟ್ರು ಎದ್ದು ನಿಂತು ಎಣ್ಣೆಯ ಕೈಯನ್ನು ಪ್ಯಾಂಟಿಗೇ ಒರೆಸಿಕೊಂಡರು. ಬಿಳಿ ಪ್ಯಾಂಟು. ಹೆಂಡತಿಯ ಬೈಗುಳ ಆಗಲೇ ಕಿವಿಯಲ್ಲಿ ಕೇಳಿಸಿತು.

"ಸೋಮವಾರದಿಂದ ಗಂಟೆ ಐದು ನಿಮಿಷ ಮುಂಚೆ ಹೊಡೀತಾರೆ," ಎಂದರು ಅಧ್ಯಕ್ಷರು. "ಗಂಟೆ ಆದ ತಕ್ಷಣ ಗೇಟು ಹಾಕ್ಬಿಡಿ. ತಡವಾಗಿ ಬಂದ ಮಕ್ಕಳನ್ನ ಒಳಗೆ ಬಿಡಿ, ಪಾಪ, ಮಕ್ಕಳು. ದೊಡ್ಡವರನ್ನ ಬಿಡಬೇಡಿ. ಆಚೆ ಉಳಿದವರು ಮನೆಗೆ ಹೋಗಲಿ. ನಾವಾಗಿ ಹೇಳಿ ಕಳಿಸೋ ತನಕ ಬರೋದೇನೂ ಬೇಕಾಗಿಲ್ಲ."

"ಎಲ್ಲರಿಗೂ ಮೊದಲೇ ಹೇಳ್ಬೇಕಲ್ವಾ ಸರ್?"

"ಸೋಮವಾರ ಸಾಲಲ್ಲೇ ಹೇಳಿದ್ರಾಯ್ತು. ಸದ್ಯಕ್ಕೆ ನಿಮಗೊಬ್ಬರಿಗೇ ಹೇಳಿರೋದು." ಅವರು ಚಿಲಕವನ್ನು ಒಂದು ಬೆರಳಿನಿಂದ ಆಚೀಚೆ ಸರಿಸಿ ನೋಡಿದರು. ಸದ್ದಿಲ್ಲದೆ ಸರಿಯಿತು. "ನಿಮ್ಮ ಮಗಳು ಐದನೇ ಕ್ಲಾಸು ಅಲ್ವಾ? ಮೊನ್ನೆ ಮೆಟ್ಟಿಲ ಹತ್ರ ಸಿಕ್ಕಿದ್ಲು, ಮಾತಾಡಿಸ್ದೆ. ಜಾಣೆ. ಏನು ಕೇಳಿದ್ರೂ ಹೇಳ್ತಾಳೆ."

ಅಷ್ಟು ಹೇಳಿ ನಗುತ್ತ ಹೊರಟೇಹೋದರು. ಮೇಷ್ಟ್ರುಗಳು ಕಟ್ಟುತ್ತಿದ್ದ ಸಂಘದ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಮಾತು ಗದರಿದ್ದರೂ ಮೇಷ್ಟ್ರಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಡ್ರಿಲ್ ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ಪೀಪಿ ಮೇಷ್ಟ್ರು. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು. ಆ ಸೀಟಿಗೆ ಅದರದೇ ಭಾಷೆ. ಒಂದು ಸಲ ಉದ್ದಕ್ಕೆ ಊದಿದರೆ ನೆಟ್ಟಗೆ ನಿಲ್ಲಬೇಕು. ಎರಡು ಸಲ ಚಿಕ್ಕದಾಗಿ ಊದಿದರೆ ಬಲಕ್ಕೆ ತಿರುಗಿ ಸಾಲಾಗಿ ಕ್ಲಾಸಿಗೆ ನಡೆಯಬೇಕು. ಬೆಳಗಿನ ಸಾಲಿನಲ್ಲಿ ಅಷ್ಟೂ ಮಕ್ಕಳನ್ನು ಅವರು ತುಟಿಪಿಟಕ್ಕೆನ್ನದೆ ನಡೆಸುತ್ತಿದ್ದರು. ಮುಖ್ಯೋಪಾಧ್ಯಾಯರು ಕೂಗಿ ಗಂಟಲು ಕಿತ್ತುಕೊಂಡರೂ ಸುಮ್ಮನಾಗದ ಮಕ್ಕಳು ಈ ಸೀಟಿಗೆ ಸುಮ್ಮನಾಗುತ್ತಿದ್ದರು. ಅದೊಂದು ಹೆಮ್ಮೆ ಅವರಿಗೆ, ಇಲ್ಲವೆನ್ನುವಂತಿಲ್ಲ.

ಸಂಘ ಹುಟ್ಟಿಕೊಂಡಿದ್ದು ಒಂದು ಕುರ್ಚಿಯ ದೆಸೆಯಿಂದ. ರಜೆ ಮುಗಿಸಿ ಬಂದಾಗ ಯಾವ ಕ್ಲಾಸಿನಲ್ಲೂ ಮೇಷ್ಟ್ರುಗಳ ಕುರ್ಚಿ ಇರಲಿಲ್ಲ. ಕೂತರೆ ಪಾಠಕ್ಕೆ ಜಡ ಹಿಡಿಯುತ್ತದಂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತು ನಿಂತು ಸಂಗೀತದ ಟೀಚರ ಕಾಲು ಬಾತು ಕಂಬವಾಯಿತು. ಇದ್ದಿದ್ದರಲ್ಲಿ ಅವರೇ ಹಿರಿಯರು. ಮಹಡಿಗೆ ಹೋಗಿ ಅಧ್ಯಕ್ಷರನ್ನು ಒಂದು ಸ್ಟೂಲಾದರೂ ಕೊಡಿಸಿ ಎಂದು ಕೇಳಿದರು. "ಮನೆಯಲ್ಲೇ ಆರಾಮಾಗಿ ಕೂತ್ಕೊಳ್ಳಿ" ಎಂದು ಅವರು ಕೆಲಸದಿಂದಲೇ ತೆಗೆದು ಕಳಿಸಿದರು. ಮಾರನೆಯ ದಿನದಿಂದ ಸಂಗೀತದ ಪೀರಿಯಡ್ಡಿನಲ್ಲಿ ಗಣಿತ ಶುರುವಾಯಿತು. ಯಾರೂ ಉಸಿರೆತ್ತಲಿಲ್ಲ. ಪೀಪಿ ಮೇಷ್ಟ್ರಂತೂ ಮೊದಲಿನಿಂದ ನಿಂತೇ ಕೆಲಸ ಮಾಡುವವರು, ಕುರ್ಚಿ ಇದ್ದರೇನು ಹೋದರೇನು.

ಸಂಘ ಕಟ್ಟೋಣ ಎಂದು ಉಸಿರೆತ್ತಿದವರು ವಿಜ್ಞಾನದ ಮೇಡಂ. ಊರಿನ ಇನ್ನೊಂದು ತುದಿಯಿಂದ ಬಸ್ಸಿನಲ್ಲಿ ಬರುವವರು, ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಉಣ್ಣಿಸಿ, ಪಕ್ಕದ ಮನೆಯವರಿಗೆ ಒಪ್ಪಿಸಿ ಬರಬೇಕಾದವರು. ಇವರಿಗೇಕೆ ಬೇಕಿತ್ತು ಈ ಉಸಾಬರಿ ಎಂದು ಎಲ್ಲರೂ ಅಂದುಕೊಂಡರು. ಅಂದುಕೊಳ್ಳುತ್ತಲೇ ಒಬ್ಬೊಬ್ಬರಾಗಿ ಅವರ ಹಿಂದೆ ಹೋದರು. ಭಾನುವಾರ ಸಂಜೆ ಸಂಗೀತದ ಟೀಚರ ಮನೆಯಲ್ಲಿ ಸೇರುತ್ತಿದ್ದರು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಮೇಲೆ ಆ ಮೇಡಂ ನಲ್ಲಿಯ ಹತ್ತಿರ ಮೇಷ್ಟ್ರನ್ನು ಹಿಡಿದರು. ಜೊತೆಗೆ ಡ್ರಾಯಿಂಗ್ ಮೇಷ್ಟ್ರಿದ್ದ. ಹೊಸ ಹುಡುಗ, ಸಂಘವೆಂದರೆ ಎಲ್ಲರಿಗಿಂತ ಮೊದಲು ಕುಣಿದವನು.

"ಏನು ಯೋಚ್ನೆ ಮಾಡಿದ್ರಿ ಮೇಷ್ಟ್ರೇ? ಹೆಸರು ಗಿಸರು ಕೊಡೋದೇನೂ ಬೇಡ. ನಾಳೆ ಬಂದು ನಮ್ಮ ಜೊತೆ ಕೂತ್ಕೊಳ್ಳಿ, ಸಾಕು. ಅಲ್ಲಿ ಕುರ್ಚಿ ಇದೆ," ಎಂದು ಮೇಡಂ ನಕ್ಕರು.

"ನೋಡೋಣ ಮೇಡಂ..."

"ನೋಡಿದ್ದು ಸಾಕು. ಉಳಿದವರೆಲ್ಲ ನಿಮ್ಮ ಮುಖ ನೋಡ್ತಾ ಇದಾರೆ. ಯಾರು ಪಾಠ ನಿಲ್ಲಿಸಿದ್ರೂ ಮೇಲಿನವರು ಕೇರ್ ಮಾಡಲ್ಲ. ನಿಮ್ಮ ಸೀಟಿ ಒಂದು ದಿನ ನಿಂತ್ರೆ ಮಕ್ಕಳು ಅಂಗಳ ಬಿಟ್ಟು ಅಲ್ಲಾಡಲ್ಲ. ಆಗ ಕೆಳಗಿಳಿದು ಬಂದು ಮಾತಾಡಲೇಬೇಕು."

"ಬನ್ನಿ ಸರ್, ನಾವೆಲ್ಲ ಇದೀವಲ್ಲ," ಎಂದ ಡ್ರಾಯಿಂಗ್ ಮೇಷ್ಟ್ರು. ಒಳ್ಳೆಯ ಹುಡುಗ. ನಿಮಗೊಂದು ದಿನ ಜ್ವರ ಬಂದರೆ ಗತಿಯೇನು ಎಂದು ಹೋದ ತಿಂಗಳು ದುಂಬಾಲು ಬಿದ್ದು ಸೀಟಿಯ ಭಾಷೆಯನ್ನೆಲ್ಲ ಕಲಿತುಕೊಂಡಿದ್ದ. ಕಲಿಸುವಾಗ ಮೇಷ್ಟ್ರಿಗೆ ಖುಷಿಯೇ ಆಗಿತ್ತು.

ಗಂಟೆಯ ವಿಷಯ ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಮೇಡಂ ಬಸ್ಸು ಮೂಲೆ ತಿರುಗುವುದಕ್ಕೂ ಗಂಟೆ ಹೊಡೆಯುವುದಕ್ಕೂ ಇದ್ದ ಅಂತರ ಅದೇ ಐದು ನಿಮಿಷ. ಅದಕ್ಕಿಂತ ಮುಂಚಿನ ಬಸ್ಸು ಹಿಡಿಯಬೇಕೆಂದರೆ ನಸುಕಿನಲ್ಲೇ ಹೊರಡಬೇಕು. ಶಾಲೆಯಲ್ಲಿ ಉಳಿದವರೆಲ್ಲ ಅಕ್ಕಪಕ್ಕದ ಬೀದಿಯವರು, ಗಂಟೆಗೆ ಮೊದಲೇ ಬಂದು ಬಿದ್ದಿರುತ್ತಿದ್ದರು. ಗಂಟೆ ಸರಿಸಿದ್ದು ಯಾರಿಗಾಗಿ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಮೇಷ್ಟ್ರು ಬಂದ ಮಾತನ್ನು ನುಂಗಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಸೋಮವಾರ ಹೇಳ್ತೀನಿ ಮೇಡಂ," ಎಂದುಬಿಟ್ಟರು.

"ಸೋಮವಾರ ಅಂದ್ರೆ ಸೋಮವಾರ. ಆಮೇಲೆ ಮಂಗಳವಾರ ಅನ್ಬಾರ್ದು," ಎಂದು ಮೇಡಂ ಬಸ್ಸಿಗೆ ಓಡಿದರು.

ಮೇಷ್ಟ್ರ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಭಾನುವಾರ ಅವಳಿಗೂ ಬಿಡುವು. ಪ್ಯಾಂಟಿನ ಎಣ್ಣೆಯ ಕಲೆಗೆ ಸೋಪು ತಿಕ್ಕುತ್ತ, ಗಂಡ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ತಿಕ್ಕುವುದನ್ನು ನಿಲ್ಲಿಸಿದಳು.

"ನಿಮಗೊಬ್ಬರಿಗೇ ಯಾಕ್ರೀ ಹೇಳಿದ್ರು?"

"ಗೇಟು ಹಾಕೋನು ನಾನಲ್ವಾ?"

"ಅದನ್ನ ಸೋಮವಾರ ಬೆಳಿಗ್ಗೆ ಹೇಳಿದ್ರೆ ಆಗ್ತಿರಲಿಲ್ವಾ? ಶುಕ್ರವಾರಾನೇ ಯಾಕೆ ಹೇಳ್ಬೇಕಿತ್ತು?" ಅವಳು ಗಂಡನ ಮುಖ ನೋಡಿದಳು. "ನಾಳೆ ಆ ಮೇಡಂ ಬೇಗ ಬಂದ್ರು ಅಂತಿಟ್ಕೊಳ್ಳಿ. ಹೇಳಿದ್ದು ಯಾರು ಅಂತ ಗೊತ್ತಾಗಲ್ವಾ?"

ಎರಡು ದಿನದಿಂದ ಮೇಷ್ಟ್ರು ಅದು ಮೇಡಂಗೆ ಇಟ್ಟ ಬೋನು ಅಂದುಕೊಂಡಿದ್ದರು. ಬೋನು ತಮಗೂ ಇತ್ತು, ತಾವೇ ಎಣ್ಣೆ ಬಿಟ್ಟು ಬಂದಿದ್ದರು.

"ನಾನೇನೂ ಹೀಗೇ ಮಾಡಿ ಅನ್ನಲ್ಲ," ಎಂದಳು ಹೆಂಡತಿ. "ಆ ಸಂಗೀತದ ಟೀಚರ್ ನಮ್ಮಂಗಡಿಗೇ ಮಾತ್ರೆಗೆ ಬರ್ತಾರೆ. ಅವರ ಕಾಲು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆದ್ರೆ ನೀವು ಅಲ್ಲಿ ಮೇಷ್ಟ್ರು ಅಂತ ಇವಳನ್ನ ಬಿಟ್ಟಿ ಓದಿಸ್ತಾ ಇದಾರೆ. ನೀವು ಆಚೆ ಬಂದ ದಿನ ಇವಳೂ ಆಚೆ. ಅದನ್ನೂ ಒಂದ್ಸಲ ಯೋಚ್ನೆ ಮಾಡಿ."

ಹೊಸ್ತಿಲ ಬಳಿ ಮಗಳು ಮನೆಯ ಚಪ್ಪಲಿ ಶೂಗಳನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಅಪ್ಪನ ಸೀಟಿ ಊದುತ್ತಿದ್ದಳು. ಅಮ್ಮನ ಚಪ್ಪಲಿ ಸಾಲು ತಪ್ಪಿತ್ತೆಂದು ಅದನ್ನು ಪ್ರತ್ಯೇಕವಾಗಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಳು.

"ಡ್ರಾಯಿಂಗ್ ಸರ್ ಹತ್ರಾನೂ ವಿಷಲ್ ಇದೆ ಅಪ್ಪಾ," ಎಂದಳು ಊದುವುದನ್ನು ನಿಲ್ಲಿಸಿ. "ಸ್ಟೀಲಿಂದು, ಹೊಸದು. ನಿಂದಕ್ಕಿಂತ ಚೆನ್ನಾಗಿದೆ. ಅಧ್ಯಕ್ಷರ ರೂಮಿಂದ ಬರ್ತಾ ಜೇಬಲ್ಲಿ ಹಾಕ್ಕೊಂಡ್ರು. ಯಾರಿಗೂ ಹೇಳ್ಬೇಡ ಅಂದ್ರು. ನಿಂಗೆ ಹೇಳ್ಬಹುದು ಅಲ್ವಾ?"

"ಹೇಳ್ಬಹುದು ಪುಟ್ಟಿ," ಎಂದರು ಮೇಷ್ಟ್ರು. ಅವರು ಹೊಸ್ತಿಲ ಮೇಲೆ, ಆ ಚಪ್ಪಲಿಗಳ ಎದುರಿಗೇ ಕೂತುಬಿಟ್ಟರು.

ಸಂಜೆ ಫೋನು ಕೈಗೆತ್ತಿಕೊಂಡರು. ಮೇಡಂ ನಂಬರನ್ನೂ ತೆಗೆದರು. ಆಗ ಹೊಳೆಯಿತು: ಈ ಹೊತ್ತಿಗೆ ಎಲ್ಲರೂ ಸಂಗೀತದ ಟೀಚರ ಮನೆಯಲ್ಲಿ ಕೂತಿರುತ್ತಾರೆ, ಮೇಡಂ ಪಕ್ಕದಲ್ಲಿ ಆ ಹುಡುಗನೂ ಇರುತ್ತಾನೆ. ಫೋನು ರಿಂಗಾದರೆ ಮೊದಲು ಬಗ್ಗಿ ನೋಡುವವನೇ ಅವನು. ರಾತ್ರಿ ಮಾಡೋಣ ಎಂದು ಇಟ್ಟರು. ರಾತ್ರಿ ಅತ್ತೆಯ ಉಪಚಾರದಲ್ಲಿರುತ್ತಾರೆ, ಬೇಡ ಎಂದು ಬಿಟ್ಟರು. ನೆಪಕ್ಕೇನು ಬರವೇ. ಹೆದರಿಕೆ ಎಂದರೆ ಹೆದರಿಕೆ, ಅದಕ್ಕೆ ಬೇರೆ ಹೆಸರಿಲ್ಲ.

ಸೋಮವಾರ ಮೋಡ ಕವಿದು ಬೆಳಗು ಮಂಕಾಗಿತ್ತು. ಮೇಷ್ಟ್ರು ಎಂದಿಗಿಂತ ಮೊದಲೇ ಬಂದು ಗೇಟಿನ ಬಳಿ ನಿಂತರು. ಮಕ್ಕಳು ಬಂದರು, ಅಂಗಳದಲ್ಲಿ ತರಗತಿಯ ಪ್ರಕಾರ ಸಾಲು ಕಟ್ಟಿದರು. ಮೇಷ್ಟ್ರುಗಳು, ಟೀಚರುಗಳು ಸಾಲುಗಳ ಮುಂದೆ ನಿಂತರು. ಮಹಡಿಯ ಕಿಟಕಿ ತೆರೆದಿತ್ತು. ಅಲ್ಲಿ ಅಧ್ಯಕ್ಷರು ಕಾಫಿ ಕುಡಿಯುತ್ತ ನಿಂತಿದ್ದರು.

ಬಸ್ಸು ಮೂಲೆ ತಿರುಗಿತು. ಗಂಟೆ ಹೊಡೆಯಿತು.

ಮೇಷ್ಟ್ರುಗಳೆಲ್ಲ ಕೈಗಡಿಯಾರ ನೋಡಿಕೊಂಡರು. ಮೇಡಂ ಬಸ್ಸಿನಿಂದ ಇಳಿದು, ಬ್ಯಾಗನ್ನು ಹೆಗಲಿಗೇರಿಸಿ, ಅವಸರವಿಲ್ಲದೆ ನಡೆದು ಬಂದರು. ಅವರ ಲೆಕ್ಕದಲ್ಲಿ ಇನ್ನೂ ಹೊತ್ತಿತ್ತು. ಅರ್ಧ ದಾರಿಯಲ್ಲಿ, ಅಂಗಳ ನಿಶ್ಶಬ್ದವಾಗಿರುವುದು ತಿಳಿದು ದಾಪುಗಾಲು ಹಾಕಿದರು. ಅಷ್ಟರಲ್ಲಿ ಮೇಷ್ಟ್ರು ಗೇಟಿನ ಒಂದು ಬಾಗಿಲು ಹಾಕಿಯಾಗಿತ್ತು. ಇನ್ನೊಂದರ ಮೇಲೆ ಅವರ ಕೈಯಿತ್ತು.

"ಏನಾಯ್ತು ಮೇಷ್ಟ್ರೇ?"

"ಗಂಟೆ ಬದಲಾಗಿದೆ ಮೇಡಂ. ಗಂಟೆ ಆದ್ಮೇಲೆ ಬಂದವರನ್ನ ಬಿಡಬಾರದು ಅಂತ ಹೇಳಿದಾರೆ. ಅವರಾಗಿ ಕರೆಯೋ ತನಕ... ಬರಬಾರದಂತೆ."

"ಯಾವಾಗ ಹೇಳಿದ್ದು?"

ಸುಳ್ಳು ಹೇಳಬಹುದಿತ್ತು. ಈಗ ತಾನೇ ಎಂದರೆ ಮುಗಿಯುತ್ತಿತ್ತು. "ಶುಕ್ರವಾರ," ಎಂದರು ಮೇಷ್ಟ್ರು.

ಮೇಡಂ ಮಹಡಿಯ ಕಿಟಕಿ ನೋಡಿದರು. ಸಾಲಿನ ಮುಂದೆ ನಿಂತಿದ್ದ ತಮ್ಮವರನ್ನು ನೋಡಿದರು. ನಿನ್ನೆ ಜೊತೆಯಲ್ಲಿ ಕೂತಿದ್ದವರೆಲ್ಲ ನೆಲ ನೋಡುತ್ತಿದ್ದರು.

"ಶನಿವಾರ ಒಂದು ಮಾತು ಹೇಳ್ಬಹುದಿತ್ತಲ್ಲ ಮೇಷ್ಟ್ರೇ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗ್ಲಿ ಬಿಡಿ. ಹಾಕಿ ಗೇಟು. ನಿಮ್ಮ ಮಗಳಿದಾಳೆ ಒಳಗೆ."

ಮೇಷ್ಟ್ರಿಗೆ ನಾಚಿಕೆಯಾಯಿತು. ಇಷ್ಟು ವರ್ಷ ತಡವಾಗಿ ಬಂದ ಮಕ್ಕಳನ್ನು ಇದೇ ಗೇಟಿನಾಚೆ ನಿಲ್ಲಿಸಿ ಗದರಿದ್ದರು. ಯಾವ ಮಗುವೂ ಹೀಗೆ, ತಮ್ಮ ಮಗಳ ಚಿಂತೆ ಮಾಡುತ್ತ ನಿಂತಿರಲಿಲ್ಲ. ಮಹಡಿಯ ಕಡೆ ಅವರು ನೋಡಲಿಲ್ಲ. ಐದನೇ ಕ್ಲಾಸಿನ ಸಾಲಿನ ಕಡೆಗೂ ನೋಡಲಿಲ್ಲ. ನೋಡಿದ್ದರೆ ಕಾಲು ಏಳುತ್ತಿರಲಿಲ್ಲ.

ಅವರು ಹೊಸ್ತಿಲ ಕಂಬಿ ದಾಟಿ ಆಚೆ ಬಂದರು. ಗೇಟು ಎಳೆದುಕೊಂಡರು. ಕಂಬಿಗಳ ನಡುವೆ ಕೈ ತೂರಿಸಿ ಒಳಗಿನ ಚಿಲಕ ಹಾಕಿದರು. ಒಂದೇ ಕೈಗೆ ಬಿತ್ತು, ಸದ್ದಿಲ್ಲದೆ.

"ಇದೇನ್ರೀ ಇದು?" ಎಂದರು ಮೇಡಂ.

"ಸೋಮವಾರ ಹೇಳ್ತೀನಿ ಅಂದಿದ್ನಲ್ಲ ಮೇಡಂ."

ಒಳಗೆ ಮಕ್ಕಳು ನಿಂತೇ ಇದ್ದರು, ಎಲ್ಲರ ಕಣ್ಣೂ ಗೇಟಿನ ಮೇಲೆ. ಸೀಟಿಯಿಲ್ಲದೆ ಯಾವ ಸಾಲೂ ಕದಲಲಿಲ್ಲ. ಸೀಟಿ ಮೇಷ್ಟ್ರ ಎದೆಯ ಮೇಲಿತ್ತು. ಮುಖ್ಯೋಪಾಧ್ಯಾಯರು ಏನೋ ಕೂಗಿದರು, ಯಾರೂ ಅಲುಗಲಿಲ್ಲ. ಆ ಒಂದು ಗಳಿಗೆ, ಮೇಡಂ ಹೇಳಿದ್ದು ನಿಜವಾಗಿಬಿಡಬಹುದು ಎಂದು ಮೇಷ್ಟ್ರಿಗೆ ಅನಿಸಿತು. ಕಿಟಕಿಯಲ್ಲಿ ಅಧ್ಯಕ್ಷರು ಲೋಟ ಕೆಳಗಿಟ್ಟು ಯಾರಿಗೋ ತಲೆಯಾಡಿಸಿದರು.

ಸೀಟಿ ಕೇಳಿಸಿತು. ಉದ್ದಕ್ಕೆ ಒಂದು.

ಮೇಷ್ಟ್ರ ಕೈ ತಾನಾಗಿ ಎದೆಗೆ ಹೋಯಿತು. ಅವರ ಸೀಟಿ ಅಲ್ಲೇ ಇತ್ತು. ಅಂಗಳದಲ್ಲಿ ಮಕ್ಕಳು ನೆಟ್ಟಗಾದರು. ಡ್ರಾಯಿಂಗ್ ಮೇಷ್ಟ್ರು ಎಂಟನೇ ಕ್ಲಾಸಿನ ಸಾಲು ಬಿಟ್ಟು ನಡುವೆ ಬಂದು ನಿಂತಿದ್ದ. ಗೇಟಿನ ಕಡೆ ಅವನು ನೋಡಲಿಲ್ಲ. ಕಲಿಸಿಕೊಟ್ಟ ಹಾಗೆಯೇ, ಕೆನ್ನೆ ಉಬ್ಬಿಸದೆ, ಚಿಕ್ಕದಾಗಿ ಎರಡು ಸಲ ಊದಿದ.

ಇಡೀ ಶಾಲೆ ಬಲಕ್ಕೆ ತಿರುಗಿತು. ಐದನೇ ಕ್ಲಾಸಿನ ಸಾಲಿನಲ್ಲಿ ಒಬ್ಬ ಹುಡುಗಿ ಮಾತ್ರ ಇನ್ನೂ ಗೇಟಿನ ಕಡೆಗೇ ಮುಖ ಮಾಡಿ ನಿಂತಿದ್ದಳು. ಹಿಂದಿನ ಹುಡುಗಿ ಅವಳ ಬೆನ್ನಿಗೆ ಮೆಲ್ಲಗೆ ತಿವಿದಳು. ಅವಳು ಅಪ್ಪನನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಅವಳೂ ತಿರುಗಿದಳು.