ಇಪ್ಪತ್ತೆರಡು ಮೆಟ್ಟಿಲು

"ಬರಲ್ಲ ಅಂದ್ರೆ ಬರಲ್ಲ. ಸಭೆ ಬೇಕಾದ್ರೆ ಕೆಳಗೆ ಬಂದು ಮಾಡಿ," ಅಂದ ಅಡೋಮಾಕೊ, ಗಾಲಿಕುರ್ಚಿಯ ಬ್ರೇಕು ಎಳೆದು.

ಮೆಟ್ಟಿಲ ತಿರುವಿನಲ್ಲಿ ನಿಂತಿದ್ದ ಸಮಾಜ ಕಲ್ಯಾಣಾಧಿಕಾರಿ ಬಾಂಫೊ ಕೈಯಲ್ಲಿದ್ದ ಫೈಲಿನಿಂದ ಗಾಳಿ ಬೀಸಿಕೊಂಡ. ಸಮಿತಿಯ ಅಧ್ಯಕ್ಷ ಸಾಹೇಬರು ಮೇಲಿನ ಸಭಾಂಗಣ ಬಿಟ್ಟು ಜಗಲಿಯಲ್ಲಿ ಕೂರುವವರಲ್ಲ. ಅಂಗವಿಕಲರ ನಿಧಿಯ ಸಮಿತಿಯಲ್ಲಿ ಅಂಗವಿಕಲರ ಸಂಘದ ಪ್ರತಿನಿಧಿ ಖುದ್ದಾಗಿ ಕೂತು ಸಹಿ ಹಾಕದಿದ್ದರೆ ಠರಾವು ನಿಲ್ಲುವುದಿಲ್ಲ. ಇವತ್ತು ಸಂಜೆಯೊಳಗೆ ಠರಾವು ಆಗದಿದ್ದರೆ ಈ ವರ್ಷದ ನಿಧಿ ವಾಪಸ್ಸು ಹೋಗುತ್ತದೆ. ಆ ಪ್ರತಿನಿಧಿ ಅಡೋಮಾಕೊನೇ; ಇದೆಲ್ಲ ಅವನಿಗೆ ಗೊತ್ತು. ಗೊತ್ತಿದ್ದೇ ಇವತ್ತಿನ ದಿನ ಹಿಡಿದಿದ್ದ.

ಸರ್ಕಾರಿ ಕಟ್ಟಡಗಳೊಳಗೆ ಅಂಗವಿಕಲರು ಹೋಗುವಂತಿರಬೇಕು ಎಂಬ ಕಾನೂನು ಬಂದಾಗ ಹಳೇ ಕಟ್ಟಡಗಳನ್ನು ಸರಿಮಾಡಲು ಹತ್ತು ವರ್ಷ ಗಡುವು ಕೊಟ್ಟಿದ್ದರು. ಗಡುವು ಮುಗಿದು ಎಷ್ಟೋ ಮಳೆಗಾಲ ಕಳೆದವು. ಈ ಜಿಲ್ಲಾ ಸಭೆಯ ಕಟ್ಟಡವೋ, ಕಾನೂನು ಬಂದ ಮೇಲೇ ಕಟ್ಟಿದ್ದು! ಜಗಲಿಗೆ ಮಾತ್ರ ಸಿಮೆಂಟಿನ ಇಳಿಜಾರು ಹಾಕಿ, ರಿಬ್ಬನ್ನು ಕತ್ತರಿಸಿ, ಅಡೋಮಾಕೊನ ಕುರ್ಚಿಯನ್ನೇ ಅದರ ಮೇಲೆ ನಿಲ್ಲಿಸಿ ಫೋಟೋ ತೆಗೆದಿದ್ದರು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಇಳಿಜಾರು ಹತ್ತಿದರೆ ಸಿಗುವುದು ಕಾವಲುಗಾರನ ಬೆಂಚು. ಮಿಕ್ಕ ಆಫೀಸೆಲ್ಲ ಇಪ್ಪತ್ತೆರಡು ಮೆಟ್ಟಿಲಿನ ಮೇಲೆ.

ಇಷ್ಟು ವರ್ಷ ಜವಾನರು ಅವನನ್ನು ಕುರ್ಚಿ ಸಮೇತ ಮೇಲಕ್ಕೆ ಹೊತ್ತಿದ್ದರು. ಹೊರುವಾಗ ಒಬ್ಬ ಮೂಗು ಮುಚ್ಚಿಕೊಳ್ಳುತ್ತಿದ್ದ, ಇನ್ನೊಬ್ಬ ಅರಸರ ಮೆರವಣಿಗೆಯಲ್ಲಿ ಕೊಂಬು ಊದಿದ ಹಾಗೆ ಬಾಯಲ್ಲಿ ಸದ್ದು ಮಾಡುತ್ತಿದ್ದ. ಕಳೆದ ಸಲ ಅಡೋಮಾಕೊಗೆ ಮೈಯೆಲ್ಲ ಉರಿದು, ಇನ್ನು ಮೇಲೆ ಯಾರು ಕೈ ಹಾಕಿದರೂ ಪೊಲೀಸರಲ್ಲಿ ದೂರು ಕೊಡುತ್ತೇನೆ ಅಂದಿದ್ದ. ಜವಾನರು ಈಗ ಜೇಬಿನಲ್ಲಿ ಕೈ ಇಟ್ಟುಕೊಂಡು ಹಲ್ಲು ಕಿರಿಯುತ್ತಿದ್ದರು.

"ಅರಸು ಮನೆತನದವನು ನೀನು," ಅಂದ ಬಾಂಫೊ. "ಕಾಲು ನೆಟ್ಟಗಿದ್ದಿದ್ರೆ ಪೀಠ ನಿಂದೇ, ತಮ್ಮನಿಗೆಲ್ಲಿ ಹೋಗ್ತಿತ್ತು? ಪಲ್ಲಕ್ಕಿ ಹೆಂಗೂ ಸಿಗಲಿಲ್ಲ. ನಾವು ಹೊತ್ರೂ ಬೇಡ ಅಂದ್ರೆ ಏನು ಮಾಡೋಣ?"

ಜವಾನರು ನಕ್ಕರು. ಊನವಿದ್ದವನು ಪೀಠ ಏರಬಾರದು ಎಂಬ ಪದ್ಧತಿಯನ್ನು ಅಡೋಮಾಕೊ ನುಂಗಿಕೊಂಡು ಮೂವತ್ತು ವರ್ಷವಾಗಿತ್ತು. ಅವನು ಬ್ರೇಕಿನಿಂದ ಕೈ ತೆಗೆಯಲಿಲ್ಲ.

ಅವನನ್ನು ಸೋಲಿಸಿದ್ದು ಬಾಂಫೊ ಅಲ್ಲ. ಅಂಗಳದ ಮಾವಿನ ಮರದಡಿ ಬೆಳಗಿನಿಂದ ಕಾದಿದ್ದ ಅವನದೇ ಸಂಘದವರು. ನಿಧಿಯಿಂದ ಬರಬೇಕಾದ ಫ್ರೀಜರುಗಳು, ಹೊಲಿಗೆ ಯಂತ್ರಗಳು ಉಗ್ರಾಣದಲ್ಲಿ ಬಂದು ಕೂತಿದ್ದವು. ಪೊಕುವಾ ಎದ್ದು ಬಂದಳು. ಕಣ್ಣಿಲ್ಲದ ಹೆಂಗಸು, ಬಸ್ ನಿಲ್ದಾಣದ ಹೋಟೆಲಿನಲ್ಲಿ ದಿನವಿಡೀ ಬೇಯಿಸಿದ ಗೆಣಸನ್ನು ಒನಕೆಯಿಂದ ಫುಫು ಮುದ್ದೆಯಾಗಿ ಕುಟ್ಟಿ ಕುಟ್ಟಿ ತೋಳು ಕಬ್ಬಿಣವಾಗಿತ್ತು. ಫ್ರೀಜರು ಸಿಕ್ಕರೆ ತಣ್ಣನೆ ನೀರಿನ ಪೊಟ್ಟಣ ಮಾರಿಕೊಂಡು ಒನಕೆ ಬಿಡಬಹುದು ಅಂತ ನಾಲ್ಕು ವರ್ಷದಿಂದ ಅರ್ಜಿ ಹಾಕಿದ್ದಳು.

"ಏನಪ್ಪಾ ಅಡೋಮಾಕೊ, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಾ?"

"ಪೊಕುವಾಕ್ಕ, ಇವತ್ತೊಂದು ದಿನ ತಡಕೊ. ಇವತ್ತು ಬಿಟ್ರೆ ಇವರು ಯಾವತ್ತೂ ಕೆಳಗೆ ಬರಲ್ಲ."

"ಬರದಿದ್ರೆ ಬೇಡ. ನಿನಗೆ ರೇಡಿಯೋ ರಿಪೇರಿ ಅಂಗಡಿ ಇದೆ, ಮಾನ ಬೇಕು. ನನಗೆ ಫ್ರೀಜರ್ ಬೇಕು."

ಅವನು ಕಾನೂನು ಹೇಳಲು ಹೋದ. ಅವಳು ಕೇಳಲಿಲ್ಲ, ಕುರ್ಚಿಯ ಹಿಂಬದಿ ತಡಕಿ ಹಿಡಿದಳು. ಊರುಗೋಲಿನವರಿಗೆ ಕೈ ಬಿಡುವಿಲ್ಲವಲ್ಲ, ಹಾಗಾಗಿ ಅವಳು ಕರೆದದ್ದು ತನ್ನಂಥವರನ್ನೇ. ಒಫೊರಿ ಬಂದ, ಇನ್ನಿಬ್ಬರು ಬಂದರು. ನಾಲ್ವರಿಗೂ ಕಣ್ಣಿಲ್ಲ. "ನಮ್ಮ ಮೇಲೂ ದೂರು ಕೊಡ್ತೀಯಾ, ಕೊಡು," ಅಂದ ಒಫೊರಿ. ಕುರ್ಚಿ ನೆಲ ಬಿಟ್ಟಿತು.

ಅಡೋಮಾಕೊ ಇಳಿಸ್ರೋ ಅಂತ ಕೂಗಿದ, ಬೈದ, ಒಫೊರಿಯ ಕೈ ಚಿವುಟಿದ. ನಾಲ್ಕು ಮೆಟ್ಟಿಲು ಹತ್ತಿಯೇ ಬಿಟ್ಟರು. ಐದನೆಯದಕ್ಕೆ ಒಫೊರಿ ಎಡವಿದ, ಕುರ್ಚಿ ವಾಲಿತು. ಪೊಕುವಾ ಹಿಂದೆ ಕೆಳಗಿನ ಮೆಟ್ಟಿಲಲ್ಲಿದ್ದಳು. ಬಿದ್ದರೆ ಎಲ್ಲ ಭಾರವೂ ಅವಳ ಎದೆಯ ಮೇಲೇ. ಬಾಂಫೊ ಗೋಡೆಗೆ ಒರಗಿದನೇ ಹೊರತು ಕೈ ಚಾಚಲಿಲ್ಲ. ಆ ಐವರಲ್ಲಿ ಕಣ್ಣಿದ್ದವನು ಅಡೋಮಾಕೊ ಒಬ್ಬನೇ.

"ಒಫೊರಿ, ಬಲಗಾಲು ಎತ್ತು," ಅಂದ. "ಇನ್ನೂ ಮೇಲೆ. ಹಾಂ, ಇಡು. ಪೊಕುವಾಕ್ಕ, ಈಗ ನೀನು."

ಮಿಕ್ಕ ಮೆಟ್ಟಿಲನ್ನೆಲ್ಲ ಅವನೇ ಒಂದೊಂದಾಗಿ ಹೇಳಿ ಹತ್ತಿಸಿದ. ಎಲ್ಲಿಗೆ ಹೋಗಲಾರೆ ಅಂದಿದ್ದನೋ ಅಲ್ಲಿಗೆ ದಾರಿ ತೋರಿಸುತ್ತ ಹೋದ. ಸಿಟ್ಟಿಗೋ ನಾಚಿಕೆಗೋ ಕಣ್ಣಲ್ಲಿ ನೀರು ಬಂದದ್ದನ್ನು ಹೊತ್ತವರು ಯಾರೂ ನೋಡಲಿಲ್ಲ.

ಸಭಾಂಗಣದಲ್ಲಿ ಸಾಹೇಬರು ಗಡಿಯಾರ ನೋಡಿದರು. ಬಾಂಫೊ ನಡಾವಳಿ ಪುಸ್ತಕ ಬಿಚ್ಚಿ, ಯಾರಿಗೆ ಏನು ಎಂಬ ಪಟ್ಟಿಯ ಮೇಲೆ ನಾಲ್ಕು ಸಾಲು ಗೀಚಿ ಮುಂದಿಟ್ಟ. ಮೊದಲ ಸಾಲು ಹೀಗಿತ್ತು: ಅಂಗವಿಕಲರ ಪ್ರತಿನಿಧಿಯವರು ಯಾವುದೇ ಅಡಚಣೆಯಿಲ್ಲದೆ ಸಭಾಂಗಣಕ್ಕೆ ಆಗಮಿಸಿದರು.

ಅಡೋಮಾಕೊ ಪೆನ್ನು ಹಿಡಿದು ಆ ಸಾಲನ್ನು ಮತ್ತೊಮ್ಮೆ ಓದಿಕೊಂಡ. ಬೆನ್ನ ಹಿಂದೆ ಪೊಕುವಾಳ ಏದುಸಿರು ಇನ್ನೂ ನಿಂತಿರಲಿಲ್ಲ.

"ಏನು ಬರೆದಿದ್ದಾರೆ? ಓದಪ್ಪ," ಅಂದಳು.

ಅವನು ಬೆರಳನ್ನು ಆ ಸಾಲಿನಿಂದ ಕೆಳಗಿನ ಪಟ್ಟಿಗೆ ಜಾರಿಸಿದ.

"ಪೊಕುವಾ, ಫ್ರೀಜರ್ ಒಂದು," ಅಂತ ಓದಿ, ಸಹಿ ಹಾಕಿದ.