ಹೊಂಗೇನಹಳ್ಳಿಯ ಎರಡನೇ ಕಲ್ಲು

ಜರ್ಮನಿಯವರ ಯುದ್ಧದ ಕಾಲದಲ್ಲಿ ಹೊಂಗೇನಹಳ್ಳಿಯನ್ನು ಮಿಲಿಟರಿಯವರು ತೆಗೆದುಕೊಂಡಾಗ, ಅಲ್ಲಿಗೆ ಸೊಸೆಯಾಗಿ ಬಂದ ಅಂಜನಮ್ಮನ ಮದುವೆಯ ಸೀರೆಯ ಗಂಜಿ ಕೂಡ ಹೋಗಿರಲಿಲ್ಲ. ಕೆಂಪು ಮೋರೆಯ ಅಧಿಕಾರಿಯೊಬ್ಬ ಜೀಪಿನಿಂದ ಇಳಿಯದೆಯೇ ಏನೋ ಹೇಳಿದ. ಪಕ್ಕದಲ್ಲಿದ್ದವನು ಅದನ್ನು ಕನ್ನಡ ಮಾಡಿ, "ಯುದ್ಧ ಮುಗಿದ ಮೇಲೆ ನಿಮ್ಮೂರು ನಿಮಗೆ" ಎಂದ. ಊರ ಯಜಮಾನ ನಲ್ಲಪ್ಪ, ಅಂಜನಮ್ಮನ ಮಾವ, ಆ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡ.

ಊರಿನವರು ಮಾಕಳಿಯ ದಾರಿ ಬದಿಯ ದಿಣ್ಣೆಗೆ ಬಂದು ಗುಡಿಸಲು ಹಾಕಿಕೊಂಡರು. ನಲ್ಲಪ್ಪ ಕಟ್ಟುನಿಟ್ಟು ಮಾಡಿದ: ಇಲ್ಲಿ ಯಾರೂ ತಳಪಾಯ ಹಾಕಬಾರದು, ಮರ ನೆಡಬಾರದು, ಕರುಗಲ್ಲನ್ನಂತೂ ನೆಡಲೇಬಾರದು. ಊರು ಕಟ್ಟುವಾಗ ಎಲ್ಲಕ್ಕಿಂತ ಮೊದಲು ನೆಟ್ಟು ಪೂಜೆ ಮಾಡುವ ಕಲ್ಲು ಅದು. ಅದು ನಿಂತರೆ ಊರು ಹುಟ್ಟಿದ ಹಾಗೆ. ಹಳೆಯದು ನಿಂತಿರುವಾಗ ಬೇರೆ ಕಡೆ ಹೊಸದನ್ನು ನೆಟ್ಟರೆ, ಹಳೆಯ ಊರನ್ನು ಕೈಯಾರೆ ಮಣ್ಣು ಮಾಡಿದ ಹಾಗೆ.

ಅಂಜನಮ್ಮ ತವರಿನಿಂದ ಮೊಳಕೆ ಬಂದ ತೆಂಗಿನಕಾಯಿ ತಂದು ಗುಡಿಸಲ ಹಿಂದೆ ನೆಟ್ಟಿದ್ದಳು. ನಲ್ಲಪ್ಪ ಅದನ್ನು ಕಿತ್ತು ಅವಳ ಕೈಗೇ ಕೊಟ್ಟ. "ಎಂಟತ್ತು ವರ್ಸ ಕಾಯಿ ಕಾಯ್ತಾ ಇಲ್ಲೇ ಕೂತ್ಕೊಳ್ಳೋಕೆ ಬಂದಿದೀಯೇನವ್ವ? ಊರಿಗೋಗಿ ನೆಡೀವಂತೆ."

ಜರ್ಮನಿಯವರು ಸೋತರು, ಬಿಳಿಯರೂ ಹೋದರು. ನಲ್ಲಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕ್ಯಾಂಪಿನ ಗೇಟಿಗೆ ಹೋದ. ಕಾಶ್ಮೀರದಲ್ಲಿ ಯುದ್ಧ ನಡೀತಿದೆ, ಆಮೇಲೆ ಬಾ ಎಂದರು. ಆಮೇಲೆ ಚೀನಾ ಬಂತು, ಪಾಕಿಸ್ತಾನ ಬಂತು, ಮತ್ತೆ ಪಾಕಿಸ್ತಾನ ಬಂತು. ಪ್ರತಿ ಯುಗಾದಿಗೆ ಊರವರೆಲ್ಲ ಮುಳ್ಳುತಂತಿಯ ಬೇಲಿಯ ಈಚೆ ನಿಂತು, ದೂರದ ಹೊಂಗೆ ಮರದ ಕೆಳಗೆ ಬೆಳ್ಳಗೆ ಕಾಣುವ ಕರುಗಲ್ಲಿಗೆ ಕೈ ಮುಗಿದು ಕಾಯಿ ಒಡೆದು ಬರುತ್ತಿದ್ದರು. ಗಂಡ ತೀರಿಕೊಂಡ ವರ್ಷವೂ ಅಂಜನಮ್ಮ ತಪ್ಪಿಸಿರಲಿಲ್ಲ.

ಬಾಂಗ್ಲಾ ಯುದ್ಧ ಮುಗಿದ ಮಾರನೆಯ ವರ್ಷ ದಿಣ್ಣೆಯವನೇ ಆದ ಪಾಪಯ್ಯ ಸುದ್ದಿ ತಂದ. ಅವನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್.

"ದಿಣ್ಣೆಗೆಲ್ಲ ಫ್ಯಾಕ್ಟ್ರಿ ಬತ್ತವೆ. ಸೋಮವಾರ ಸರ್ವೆಯೋರು ಬತ್ತಾರೆ. ಹಳೇ ಊರು, ಕರುಗಲ್ಲು ಅದೆ, ಗಿಡ ಮರ ಅವೆ ಅಂದ್ರೆ ಬಿಟ್ಟು ಸುತ್ತ ಬೇಲಿ ಆಕ್ತಾರೆ. ಇಲ್ದಿದ್ರೆ ಗುಡ್ಲು ಕಿತ್ತಾಕ್ತಾರೆ."

"ಅಂಗಾದ್ರೆ ಒಂದು ಕಲ್ಲು ನೆಟ್ಬುಡಾನ," ಅಂದ ಒಬ್ಬ.

ನಲ್ಲಪ್ಪ ಎದ್ದು ನಿಂತ. "ತಾಯಿ ಬದುಕಿರೋವಾಗ ತಿಥಿ ಮಾಡ್ತೀರೇನ್ರೋ? ಅಲ್ಲಿ ಕಲ್ಲು ನಿಂತದೆ. ನಾನಿರೋಗಂಟ ಇಲ್ಲಿ ಇನ್ನೊಂದು ನಿಲ್ಲಾಕಿಲ್ಲ."

ಅಂಜನಮ್ಮನಿಗೆ ಮಾವನ ಮಾತಿನಲ್ಲೇ ದಾರಿ ಕಂಡಿತು. ಹಳೆಯದು ನಿಂತಿದ್ದರೆ ತಾನೇ ಹೊಸದಕ್ಕೆ ಅಡ್ಡಿ? ನಿಂತಿದೆಯೋ ಇಲ್ಲವೋ, ಹತ್ತಿರ ಹೋಗಿ ನೋಡಿದವರು ಯಾರು? ಮಾರನೆಯ ಬೆಳಗ್ಗೆ ಕುಡುಗೋಲು ಹಿಡಿದು, ಕ್ಯಾಂಪಿನೊಳಗೆ ಹುಲ್ಲು ಕುಯ್ಯಲು ಹೋಗುವ ಹೆಂಗಸರ ಗುಂಪಿಗೆ ಸೇರಿಕೊಂಡಳು.

ಹೊಂಗೆ ಮರ ಅಲ್ಲೇ ಇತ್ತು. ಅದರ ಕೆಳಗೆ ಇದ್ದದ್ದು ಸುಣ್ಣ ಬಳಿದು ನೆಲದಲ್ಲಿ ಅರ್ಧ ಹೂತ ಪೆಟ್ರೋಲ್ ಡ್ರಮ್ಮು.

ಅಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಮುದುಕ ಚಿನ್ನಪ್ಪ ಬಿಳಿಯರ ಕಾಲದಿಂದಲೂ ಕ್ಯಾಂಪಿನ ಮಾಲಿ.

"ಕಲ್ಲೆಲ್ಲಣ್ಣ?" ಎಂದಳು.

"ಆ ಕಲ್ಲಾ? ನೀವು ಊರು ಬಿಟ್ಟ ತಿಂಗ್ಳೇ ಒಡೆದು ಲಾರಿ ರಸ್ತೆಗೆ ಆಕಿದ್ರಲ್ಲವ್ವ. ರಾತ್ರಿ ಲಾರಿ ಮರಕ್ಕೆ ಗುದ್ದದಿರ್ಲಿ ಅಂತ ಈ ಡ್ರಮ್ಮು ನಿಲ್ಸಿದ್ರು."

"ನಾವು ವರ್ಸ ವರ್ಸ ಬೇಲಿ ತಾವ ಕಾಯಿ ಒಡೀತಿದ್ವಲ್ಲ, ನೋಡ್ತಿರ್ಲಿಲ್ವಾ?"

"ನೋಡ್ತಿದ್ದೆ," ಎಂದ ಚಿನ್ನಪ್ಪ, ಕೊಳಾಯಿ ನಿಲ್ಲಿಸಿ. "ಅಷ್ಟು ಜನ ಮಕ್ಳುಮರಿ ಕಟ್ಕೊಂಡು ಕೈ ಮುಗೀತಾ ನಿಂತ್ರೆ, ಅದು ಡ್ರಮ್ಮು ಕಣ್ರಪ್ಪ ಅಂತ ಯಾವ ಬಾಯಲ್ಲಿ ಏಳ್ಲಿ? ಸುಣ್ಣ ಮಾಸಿದ್ರೆ ಯುಗಾದಿಗ್ಮುಂಚೆ ನಾನೇ ಬಳೀತಿದ್ದೆ."

ಅವನಿಗೆ ಬೈಯಬೇಕೋ ಕೈ ಮುಗಿಯಬೇಕೋ ತಿಳಿಯದೆ ಅವಳು ಹುಲ್ಲಿನ ಹೊರೆ ಎತ್ತಿಕೊಂಡು ಬಂದಳು.

ಮಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ನಲ್ಲಪ್ಪ ಎದ್ದು, ಹಾರೆ ತೆಗೆದುಕೊಂಡು ಹೋಗಿ ಗುಡಿಸಲುಗಳ ನಡುವೆ ತಾನೇ ಗುಂಡಿ ತೋಡಿದ. ಬೇರೆಯವರು ಹಾರೆ ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ. ನೆಡುವುದಕ್ಕೆ ಸಿಕ್ಕಿದ್ದು ಕುಂಟೆಯ ದಡದ ಬಟ್ಟೆ ಒಗೆಯುವ ಕಲ್ಲು. ಅರಿಶಿನ ಬಳಿದು, ಕುಂಕುಮವಿಟ್ಟು, ಹೂ ಮುಡಿಸಿದರು. ನಲ್ಲಪ್ಪ ಅಡ್ಡಬಿದ್ದ.

ಸೋಮವಾರ ಸರ್ವೆಯವನು ಬಂದ. ಕೆಟ್ಟವನಲ್ಲ. ಚಪ್ಪಲಿ ಬಿಟ್ಟೇ ಕಲ್ಲಿನ ಹತ್ತಿರ ಹೋಗಿ ಬಗ್ಗಿದ. ಅರಿಶಿನದ ಘಮದ ಅಡಿಯಲ್ಲಿ ಸೋಪಿನ ವಾಸನೆ ಬಂದಿರಬೇಕು, ಅವನ ಮೀಸೆ ಅಲ್ಲಾಡಿತು. ಆದರೂ ಕಲ್ಲಿನ ಬಗ್ಗೆ ಏನೂ ಅನ್ನಲಿಲ್ಲ. ಎದ್ದು ಸುತ್ತಲೂ ಕಣ್ಣು ಹಾಯಿಸಿದ.

"ಎಷ್ಟು ವರ್ಷದಿಂದ ಇದ್ದೀರಿ?"

"ಮೂವತ್ತು ವರ್ಸ ಆಯ್ತು ಸಾರ್," ಎಂದಳು ಅಂಜನಮ್ಮ.

"ಮೂವತ್ತು ವರ್ಷದ ಊರಲ್ಲಿ ಒಂದು ತೆಂಗಿನ ಮರ ಇಲ್ವಲ್ಲಮ್ಮ? ನುಗ್ಗೆ ಗಿಡವಾದ್ರೂ ಬೇಡ್ವಾ? ನಾನು ಏನು ಅಂತ ಬರ್ಕೊಳ್ಳಲಿ?"

ನಾಟಿ ಹಿಡಿಯಲಿಲ್ಲ ಸಾರ್, ಬಂಡೆ ನೆಲ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನಲ್ಲಪ್ಪ ಮುಂದೆ ಬಂದು ಟವೆಲ್ ಸರಿಮಾಡಿಕೊಂಡ.

"ಯುದ್ಧ ಮುಗೀಲಿ ಅಂತ ಕಾಯ್ತಿದ್ವಿ ಸಾಮಿ."

"ಯಾವ ಯುದ್ಧ ಅಜ್ಜ?"

ನಲ್ಲಪ್ಪ ಯೋಚಿಸಿದ. "ಅದನ್ನ ಅವ್ರು ಏಳ್ಲಿಲ್ಲ," ಎಂದ.

ಸರ್ವೆಯವನು ತಲೆ ತಗ್ಗಿಸಿ 'ತಾತ್ಕಾಲಿಕ ಗುಡಿಸಲುಗಳು' ಎಂದು ಬರೆದುಕೊಂಡು ಹೋದ. ಅವನು ಬರೆದದ್ದು ಸುಳ್ಳೂ ಆಗಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಅವರನ್ನೆಲ್ಲ ಲಗ್ಗೆರೆಯ ಆಚೆ ಚೂರು ಚೂರು ಸೈಟಿಗೆ ಸಾಗಿಸಿದರು. ಬಟ್ಟೆ ಒಗೆಯುವ ಕಲ್ಲು ಬುಲ್ಡೋಜರಿಗೆ ಸಿಕ್ಕಿ ಯಾವ ಕಾರ್ಖಾನೆಯ ಅಡಿಗೆ ಹೋಯಿತೋ.

ಲಗ್ಗೆರೆಯಲ್ಲಿ ಗಾಡಿ ನಿಂತ ಕೂಡಲೇ ಅಂಜನಮ್ಮ ಪಾತ್ರೆ ಇಳಿಸಲಿಲ್ಲ, ಒಲೆ ಹೂಡಲಿಲ್ಲ. ಗುದ್ದಲಿ ಹಿಡಿದು ಸೈಟಿನ ಮೂಲೆಯಲ್ಲಿ ಗುಂಡಿ ತೋಡಿ, ಸೆರಗಿನಲ್ಲಿ ಸುತ್ತಿ ತಂದಿದ್ದ ಹೊಸ ತೆಂಗಿನ ಸಸಿ ಇಟ್ಟಳು.

ಗಾಡಿಯ ಮೇಲೆಯೇ ಕೂತಿದ್ದ ನಲ್ಲಪ್ಪ ಕೂಗಿದ. "ಯಾಕವ್ವ ಇಲ್ಲಿ ನೆಡ್ತೀಯ? ಊರಿಗೋಗಿ ನೆಡೀವಂತೆ."

"ಯಾವೂರಿಗೆ ಮಾವ?"

ಅವಳು ಮಣ್ಣು ಎಳೆದು, ಕಾಲಲ್ಲಿ ಗಟ್ಟಿಯಾಗಿ ತುಳಿದಳು.